ನೌಕೆಗೊಂದು ಶ್ರುತಿ

ಟಿವಿಯ ಗಗನನೌಕೆಗಳೊಳಗೆ ಹಗಲಿರುಳು ಮೊರೆಯುವ ಆ ಸದ್ದನ್ನು ಕಟ್ಟಿದವರು ಯಾರು? ಗಗನಯಾನಕ್ಕೆ ಸಜ್ಜಾಗುತ್ತಿರುವ ಬೆಂಗಳೂರು ಅದನ್ನು ಏಕೆ ಕಿವಿಗೊಟ್ಟು ಕೇಳಬೇಕು?

ಹೆಬ್ಬಾಳದ ಕಡೆಯಿಂದ ಬಂದು ನ್ಯೂ ಬಿಇಎಲ್ ರಸ್ತೆ ಹಿಡಿದರೆ ಇಸ್ರೊದ ಪ್ರಧಾನ ಕಚೇರಿ ‘ಅಂತರಿಕ್ಷ ಭವನ’ ಸಿಗುತ್ತದೆ. 2019ರ ಜನವರಿ 30ರಂದು ಇದೇ ಆವರಣದಲ್ಲಿ ಮಾನವ ಬಾಹ್ಯಾಕಾಶಯಾನ ಕೇಂದ್ರದ ಉದ್ಘಾಟನೆಯಾಯಿತು. ಗಗನಯಾನ ಯೋಜನೆಯನ್ನು ಮುನ್ನಡೆಸುವ ಹೊಣೆ ಅದರದು. ಭೂಮಿಯಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ, ಒಂದು ಪುಟ್ಟ ಕೋಣೆಯಲ್ಲಿ, ಮೂವರನ್ನು ಮೂರು ದಿನ ಇರಿಸಿ ಕ್ಷೇಮವಾಗಿ ಕರೆತರುವುದು ಯೋಜನೆಯ ಗುರಿ. ಆ ಕೋಣೆಯ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಅದರೊಳಗೆ ಏನು ಕೇಳಿಸುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಉತ್ತರ ತನಗೆ ಗೊತ್ತಿದೆ ಎಂದು ನಮ್ಮ ಕಿವಿ ಆಗಲೇ ನಂಬಿಬಿಟ್ಟಿದೆ.

ಈ ನಂಬಿಕೆಯನ್ನು ಕೊಟ್ಟಿದ್ದು ಟೆಲಿವಿಷನ್. ದೂರದರ್ಶನದ ಬೆಂಗಳೂರು ಕೇಂದ್ರ 1981ರಲ್ಲಿ ಶುರುವಾಯಿತು. ಆ ದಶಕದಲ್ಲಿ ಆರ್.ಟಿ. ನಗರ, ಯಶವಂತಪುರದ ಮನೆಗಳಲ್ಲಿ ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಮಕ್ಕಳೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕೂತು ‘ಸ್ಟಾರ್ ಟ್ರೆಕ್’ ನೋಡಿದರು. ಇಂಗ್ಲಿಷ್ ಸಂಭಾಷಣೆ ಅರ್ಧಕ್ಕರ್ಧ ತಿಳಿಯದಿದ್ದರೂ ಅವರಿಗೆ ನೌಕೆ ಅರ್ಥವಾಯಿತು. ಮಾತಿನ ಹಿಂದೆ ಒಂದು ಸದ್ದು ಬಿಡದೆ ಮೊರೆಯುತ್ತಿತ್ತು. ಅದರ ಮೇಲೆ ಸಣ್ಣ ಸಣ್ಣ ಚಿಲಿಪಿಲಿ. ಬಾಗಿಲು ಸರಿದಾಗ ಒಂದು ಉಸಿರು. ತೆರೆಯ ಮೇಲಿದ್ದ ಗೋಡೆ ಹಲಗೆಯದು ಎಂಬ ಅನುಮಾನವೇ ಯಾರಿಗೂ ಬರಲಿಲ್ಲ.

ಬೀಗದ ಕೈ, ಪಿಯಾನೊ ತಂತಿ

ಈ ಸದ್ದುಗಳಿಗೆ ಒಂದು ಹುಟ್ಟೂರು ಹುಡುಕುವುದಾದರೆ ಎರಡು ಕಡೆ ಹೋಗಬೇಕು. ಮೊದಲನೆಯದು ಅಮೆರಿಕ. 1956ರಲ್ಲಿ ತೆರೆಕಂಡ ‘ಫರ್ಬಿಡನ್ ಪ್ಲಾನೆಟ್’ ಚಿತ್ರಕ್ಕೆ ಲೂಯಿಸ್ ಮತ್ತು ಬೆಬಿ ಬ್ಯಾರನ್ ದಂಪತಿ ವಾದ್ಯಗಳಿಲ್ಲದೆ ಧ್ವನಿ ಕೊಟ್ಟರು. ತಾವೇ ಬೆಸುಗೆ ಹಾಕಿ ಕಟ್ಟಿದ ಎಲೆಕ್ಟ್ರಾನಿಕ್ ಸರ್ಕಿಟ್‌ಗಳಿಗೆ ಮಿತಿ ಮೀರಿ ವಿದ್ಯುತ್ ಹರಿಸುತ್ತಿದ್ದರು. ಸರ್ಕಿಟ್ ನರಳುತ್ತ, ಚೀರುತ್ತ ಕೊನೆಗೆ ಸುಟ್ಟುಹೋಗುವವರೆಗೆ ಹೊಮ್ಮಿದ್ದನ್ನೆಲ್ಲ ಟೇಪಿನಲ್ಲಿ ಹಿಡಿದಿಡುತ್ತಿದ್ದರು. ಸುಟ್ಟ ಸರ್ಕಿಟ್ ಅದೇ ದನಿಯನ್ನು ಮತ್ತೆ ಕೊಡಲಾರದು. ಟೇಪಿನಲ್ಲಿ ಉಳಿದದ್ದೇ ಉಳಿದದ್ದು. ಆ ಚಿತ್ರದಲ್ಲಿ ಸಂಗೀತ ಎಲ್ಲಿ ಮುಗಿದು ಯಂತ್ರದ ಸದ್ದು ಎಲ್ಲಿ ಶುರುವಾಗುತ್ತದೆಂದು ಬಿಡಿಸಿ ಹೇಳಲಾಗುವುದಿಲ್ಲ. ಇದನ್ನು ‘ಸಂಗೀತ’ ಎನ್ನುವುದಕ್ಕೆ ಸಂಗೀತಗಾರರ ಸಂಘದ ತಕರಾರು ಎದುರಾಗಿ, ತೆರೆಯ ಮೇಲೆ ‘ಎಲೆಕ್ಟ್ರಾನಿಕ್ ಟೊನ್ಯಾಲಿಟೀಸ್’ ಎಂದು ಹಾಕಬೇಕಾಯಿತು.

ಎರಡನೆಯದು ಲಂಡನ್ನಿನ ಮೈಡಾ ವೇಲ್. ಬಿಬಿಸಿ 1958ರಲ್ಲಿ ಅಲ್ಲಿ ‘ರೇಡಿಯೊಫೋನಿಕ್ ವರ್ಕ್‌ಶಾಪ್’ ತೆರೆಯಿತು. ಡ್ಯಾಫ್ನಿ ಓರಮ್ ಮತ್ತು ಡೆಸ್ಮಂಡ್ ಬ್ರಿಸ್ಕೊ ಅದನ್ನು ಕಟ್ಟಿದವರು. 1963ರ ನವೆಂಬರ್ 23ರಂದು ‘ಡಾಕ್ಟರ್ ಹೂ’ ಸರಣಿ ಶುರುವಾದಾಗ, ಕಾಲದಲ್ಲೂ ದೇಶದಲ್ಲೂ ಸಂಚರಿಸುವ ‘ಟಾರ್ಡಿಸ್’ ಎಂಬ ನೌಕೆಗೆ ದನಿ ಬೇಕಿತ್ತು. ಬ್ರಯನ್ ಹಾಜ್ಸನ್ ಎಂಬ ತರುಣ ತನ್ನ ತಾಯಿಯ ಮನೆಯ ಬೀಗದ ಕೈ ತೆಗೆದುಕೊಂಡು, ಹಳೆಯ ಪಿಯಾನೊ ಒಂದರ ಮಂದ್ರದ ತಂತಿಗಳ ಉದ್ದಕ್ಕೂ ಉಜ್ಜಿದ. ಆ ಟೇಪನ್ನು ಹಿಂದುಮುಂದಾಗಿ ಓಡಿಸಿ, ಪ್ರತಿಧ್ವನಿ ಸೇರಿಸಿ, ಪದರ ಪದರವಾಗಿ ಕೂಡಿಸಿದ. ಅರುವತ್ತು ವರ್ಷ ದಾಟಿದ ಮೇಲೂ ಆ ನೌಕೆ ಬರುವುದು ಹೋಗುವುದು ಆ ಬೀಗದ ಕೈಯ ಸದ್ದಿನಲ್ಲೇ. ನೌಕೆಯ ಒಳಗೆ ಸದಾ ಮೊರೆಯುವ ದನಿಯೂ ಆ ವರ್ಕ್‌ಶಾಪಿನದೇ ಕೆಲಸ.

ಬಡತನದಲ್ಲಿ ಅರಳಿದ ಕಲೆಯಿದು. ಸಿಂಥಸೈಸರ್ ಅಂಗಡಿಯಲ್ಲಿ ಸಿಗುವ ಕಾಲ ಇನ್ನೂ ಬಂದಿರಲಿಲ್ಲ. ಕೈಗೆ ಸಿಕ್ಕ ಲೋಹ, ತಂತಿ, ರೇಡಿಯೊ ರಿಪೇರಿಯ ಸಾಮಾನು, ಕತ್ತರಿ, ಅಂಟುಪಟ್ಟಿ, ಇವುಗಳ ಜೊತೆಗೆ ತಾಳ್ಮೆಯ ಕಿವಿ ಇದ್ದರೆ ಸಾಕಿತ್ತು. ಕನ್ನಡಿಗರಿಗೂ ಈ ವಿದ್ಯೆ ಹೊಸದಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಆರಂಭಿಸಿದಂದಿನಿಂದ ಕನ್ನಡದ ಶ್ರೋತೃಗಳು ಮಳೆ, ಕುದುರೆ, ಕಾಡು, ಅರಮನೆ ಎಲ್ಲವನ್ನೂ ಕಿವಿಯಲ್ಲೇ ಕಂಡವರು. ಕಾಣದ ಲೋಕವನ್ನು ಸದ್ದಿನಿಂದ ಕಟ್ಟಬಹುದು ಎಂಬುದು ರೇಡಿಯೊ ನಾಟಕ ಕಲಿಸಿದ ಪಾಠ. ಗಗನನೌಕೆಯ ಸದ್ದು ಅದೇ ಪಾಠದ ಮುಂದುವರಿಕೆ.

ಎಳೆಯುವವರಿದ್ದ ಬಾಗಿಲು

1966ರ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಪ್ರಸಾರ ಆರಂಭವಾಯಿತು. ಸೆಟ್‌ಗಳಿಗೆ ಹಣ ಸಾಲದು. ಕಥೆಯ ಪ್ರಕಾರ ‘ಎಂಟರ್‌ಪ್ರೈಸ್’ ನೌಕೆಯಲ್ಲಿ 430 ಜನ ಇರಬೇಕು. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು ಡಗ್ಲಸ್ ಗ್ರಿಂಡ್‌ಸ್ಟಾಫ್ ಮತ್ತು ಅವರ ಧ್ವನಿ ಸಂಕಲನಕಾರರ ತಂಡ. ಸರಣಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ನೌಕೆಯ ಒಂದೊಂದು ಜಾಗಕ್ಕೂ ಅದರದೇ ದನಿ ಬೇಕೆಂದು ಪಟ್ಟು ಹಿಡಿದಿದ್ದರು. ಹಾಗಾಗಿ ನೌಕೆ ನಡೆಸುವ ಮುಖ್ಯ ಕೋಣೆಯಲ್ಲಿ ಚಿಲಿಪಿಲಿ, ಎಂಜಿನ್ ಕೋಣೆಯಲ್ಲಿ ಆಳದ ಮಿಡಿತ, ಆಸ್ಪತ್ರೆಯಲ್ಲಿ ನಾಡಿಯಂಥ ಬಡಿತ. ಕಣ್ಣು ಮುಚ್ಚಿದರೂ ಪಾತ್ರ ಎಲ್ಲಿ ನಿಂತಿದೆ ಎಂದು ಹೇಳಬಹುದಿತ್ತು. ಒಳಗಿನ ಸಂದೇಶಕ್ಕೆ ಮುನ್ನ ಕೇಳುವ ಶಿಳ್ಳೆ ಕಡಲ ಹಡಗುಗಳಿಂದ ಬಂದ ಸಂಪ್ರದಾಯ.

ತಾನಾಗಿ ಸರಿಯುವ ಬಾಗಿಲುಗಳದು ಇನ್ನೂ ಸ್ವಾರಸ್ಯದ ಕಥೆ. ಸೆಟ್‌ನಲ್ಲಿ ಅವನ್ನು ಮರೆಯಲ್ಲಿ ನಿಂತ ಕೆಲಸಗಾರರು ಕೈಯಿಂದ ಎಳೆಯುತ್ತಿದ್ದರು. ಹೊತ್ತು ತಪ್ಪಿದರೆ ನಟ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿದ್ದ. ಚಿತ್ರೀಕರಣದ ನಂತರ ಸೇರಿಸಿದ ‘ಸುಯ್’ ಎಂಬ ಸದ್ದೇ ಆ ಹಲಗೆಯನ್ನು ಯಂತ್ರವಾಗಿಸಿದ್ದು. ಕಣ್ಣು ನೋಡಿದ್ದಕ್ಕೆ ಕಿವಿ ಸಾಕ್ಷಿ ಹೇಳಿತು, ನೋಡುಗರು ನಂಬಿದರು.

ಅಂದಿನ ಟಿವಿಗಳ ಪುಟ್ಟ ಸ್ಪೀಕರ್ ಮಂದ್ರ ಸ್ವರಗಳನ್ನು ಸರಿಯಾಗಿ ಹೊಮ್ಮಿಸುತ್ತಿರಲಿಲ್ಲ. ಆದ್ದರಿಂದ 60ರ ದಶಕದ ನೌಕೆಗಳು ನಮಗೆ ತಲುಪಿದ್ದು ಹೆಚ್ಚಾಗಿ ಮೇಲಿನ ಸ್ವರಗಳಲ್ಲಿ. 1984ರಲ್ಲಿ ಅಮೆರಿಕದ ಟಿವಿಗೆ ಸ್ಟೀರಿಯೊ ಬಂತು. 1987ರಲ್ಲಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಬಂದಾಗ ಚಿಲಿಪಿಲಿ ಹಿಂದೆ ಸರಿದು, ಎಂಜಿನ್ನಿನ ತಗ್ಗಿದ, ದುಂಡಗಿನ, ಒಂದೇ ಸಮನಾದ ಮೊರೆತ ಮುಂದೆ ಬಂತು. ಇಂದು ಜಗತ್ತಿನಾದ್ಯಂತ ಜನ ಯೂಟ್ಯೂಬಿನಲ್ಲಿ ಅದೊಂದೇ ಮೊರೆತವನ್ನು 24 ಗಂಟೆ ಓಡುವಂತೆ ಹಚ್ಚಿಟ್ಟು ಮಲಗುತ್ತಾರೆ, ಓದುತ್ತಾರೆ, ಹಸುಗೂಸುಗಳನ್ನು ಮಲಗಿಸುತ್ತಾರೆ. ಕಥೆಯಿಲ್ಲ, ಪಾತ್ರವಿಲ್ಲ, ನೌಕೆಯ ಉಸಿರು ಮಾತ್ರ.

ಅದು ನಿದ್ದೆ ತರಲು ಕಾರಣವಿದೆ. ಬದಲಾಗದ ಸದ್ದನ್ನು ಮಿದುಳು ಬೇಗ ಬದಿಗಿಡುತ್ತದೆ. ಹಠಾತ್ತನೆ ಬರುವ ಹಾರ್ನು, ನಾಯಿಯ ಬೊಗಳು ಆ ಸದ್ದಿನಲ್ಲಿ ಮುಚ್ಚಿಹೋಗುತ್ತವೆ. ಆದರೆ ಅದು ನಿಂತರೆ ಮಾತ್ರ ತಕ್ಷಣ ಎಚ್ಚರ. ಬೇಸಿಗೆಯ ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತ ಕೂಡಲೇ ಮನೆಮಂದಿಯೆಲ್ಲ ಏಳುವುದು ಸೆಕೆಗೆ ಮಾತ್ರವಲ್ಲ. ಧ್ವನಿ ವಿನ್ಯಾಸಕರಿಗೆ ಇದು ಚೆನ್ನಾಗಿ ಗೊತ್ತು. ನೌಕೆಗೆ ಏಟು ಬಿದ್ದಿದೆ ಎಂದು ತೋರಿಸಲು ಕಿಡಿ, ಹೊಗೆಗಿಂತ ಮೊದಲು ಅವರು ಮೊರೆತವನ್ನು ನಿಲ್ಲಿಸುತ್ತಾರೆ.

ಗಾಳಿ ನಿಂತರೆ

ಬಾಹ್ಯಾಕಾಶದಲ್ಲಿ ಸದ್ದೇ ಇಲ್ಲ, ಹಾಗಾಗಿ ಇದೆಲ್ಲ ಕಟ್ಟುಕಥೆ ಎನ್ನುವವರಿದ್ದಾರೆ. ಹೊರಗಿನ ಸ್ಫೋಟಗಳ ಮಟ್ಟಿಗೆ ಅದು ನಿಜ. ನೌಕೆಯ ಒಳಗೆ ಗಾಳಿಯಿದೆ, ಗಾಳಿಯಿದ್ದಲ್ಲಿ ಸದ್ದಿದೆ. ಅಲ್ಲಿ ಆ ಸದ್ದು ಜೀವದ ಪ್ರಶ್ನೆ.

ನೆಲದ ಮೇಲೆ ನಾವು ಬಿಟ್ಟ ಬೆಚ್ಚಗಿನ ಉಸಿರು ಹಗುರಾಗಿ ಮೇಲೇರುತ್ತದೆ, ಹೊಸ ಗಾಳಿ ಆ ಜಾಗಕ್ಕೆ ಬರುತ್ತದೆ. ತೂಕವೇ ತೋರದ ಕಕ್ಷೆಯಲ್ಲಿ ಬಿಸಿ ಗಾಳಿ ಮೇಲೇರುವುದಿಲ್ಲ, ಏಕೆಂದರೆ ಮೇಲು ಕೆಳಗು ಎಂಬುದೇ ಇಲ್ಲ. ಮಲಗಿದವರು ಬಿಟ್ಟ ಇಂಗಾಲದ ಡೈಆಕ್ಸೈಡ್ ಅವರ ಮುಖದ ಸುತ್ತಲೇ ಕಟ್ಟಿಕೊಳ್ಳುತ್ತದೆ. ಅದನ್ನು ಸರಿಸಲು ಫ್ಯಾನುಗಳು ಹಗಲಿರುಳು ತಿರುಗಬೇಕು. ಜೊತೆಗೆ ನೀರಿನ ಪಂಪು, ಗಾಳಿ ಶುದ್ಧಿಮಾಡುವ ಯಂತ್ರ, ಉಪಕರಣಗಳನ್ನು ತಣ್ಣಗಿಡುವ ವ್ಯವಸ್ಥೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕೆಲಸದ ಜಾಗಗಳ ಸದ್ದು 60 ಡೆಸಿಬೆಲ್ ಆಸುಪಾಸು. ಎದುರುಬದುರು ಕೂತು ಮಾತಾಡುವಷ್ಟು, ಆದರೆ ಎಡೆಬಿಡದೆ. ಮೊದಲ ವರ್ಷಗಳಲ್ಲಿ ರಷ್ಯಾ ನಿರ್ಮಿತ ‘ಜ್ವೆಜ್ದಾ’ ಭಾಗ ಎಷ್ಟು ಗದ್ದಲದ್ದೆಂದರೆ ಯಾತ್ರಿಗಳು ಕಿವಿಗೆ ರಕ್ಷಣೆ ಹಾಕಿಕೊಳ್ಳಬೇಕಾಗಿತ್ತು. ಆಮೇಲೆ ಫ್ಯಾನುಗಳಿಗೆ ಸದ್ದಡಗಿಸುವ ಕೊಳವೆ, ಕಂಪನ ತಡೆಯುವ ಮೆತ್ತೆ ಹಾಕಿ ತಗ್ಗಿಸಿದರು.

1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ‘ಸಲ್ಯುತ್ 7’ರಲ್ಲಿ, 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ 18 ದಿನ ಇದ್ದದ್ದು ಇಂಥ ಸದ್ದಿನ ನಡುವೆಯೇ. ನೌಕೆಯ ಬಗ್ಗೆ ಟಿವಿ ಹೇಳಿದ ಎಷ್ಟೋ ಸಂಗತಿ ಕಲ್ಪನೆ. ಒಳಗಿನ ನಿಲ್ಲದ ಮೊರೆತ ಮಾತ್ರ ನಿಜಕ್ಕೆ ಅತಿ ಹತ್ತಿರ. ಪಿಯಾನೊ ತಂತಿ ಉಜ್ಜಿದವರು, ಸರ್ಕಿಟ್ ಸುಟ್ಟವರು, ತಮಗೆ ಅರಿವಿಲ್ಲದೆಯೇ ಸತ್ಯದ ಬಾಗಿಲು ತಟ್ಟಿದ್ದರು: ಮನುಷ್ಯ ಆಕಾಶದಲ್ಲಿ ಬದುಕಿದ್ದಾನೆ ಎನ್ನುವುದಕ್ಕೆ ಗುರುತು ಆ ಸದ್ದು.

ಶ್ರುತಿಯ ನಾಡಿನಲ್ಲಿ

ಬಿಡದೆ ಮೊರೆಯುವ ಒಂದು ದನಿಯ ಆಸರೆಯಲ್ಲಿ ಲೋಕ ಕಟ್ಟುವುದನ್ನು ನಮ್ಮ ಸಂಗೀತ ಬಹುಕಾಲದಿಂದ ಬಲ್ಲದು. ತಂಬೂರ ರಾಗ ಹಾಡುವುದಿಲ್ಲ, ತಾಳ ಹಾಕುವುದಿಲ್ಲ. ಹಾಡುವವರು ನಿಲ್ಲಲು ನೆಲ ಕೊಡುತ್ತದೆ. ನೌಕೆಯ ಮೊರೆತ ಕಥೆಗೆ ಮಾಡುವುದೂ ಅದನ್ನೇ.

ಉತ್ತರ ಬೆಂಗಳೂರಿಗೆ ಈ ವಿಷಯದಲ್ಲಿ ಆಳವಾದ ಪರಂಪರೆಯಿದೆ. ಮೇಖ್ರಿ ವೃತ್ತದ ಬಳಿ 1948ರಲ್ಲಿ ತಮ್ಮ ಸಂಶೋಧನಾ ಸಂಸ್ಥೆ ಕಟ್ಟಿದ ಸಿ.ವಿ. ರಾಮನ್ ಬೆಳಕಿಗೆ ಹೆಸರಾದವರು. ನಾದಕ್ಕೂ ಅಷ್ಟೇ ಮನಸ್ಸು ಕೊಟ್ಟವರು. ವೀಣೆ, ತಂಬೂರಗಳಲ್ಲಿ ತಂತಿಗಳನ್ನು ಹೊರುವ ಅಗಲವಾದ ಬಾಗಿದ ಕುದುರೆ, ತಂತಿಯಡಿ ಸಿಕ್ಕಿಸುವ ದಾರದ ಎಳೆ, ಹೇಗೆ ಉಪಸ್ವರಗಳನ್ನು ತುಂಬಿಕೊಡುತ್ತವೆ ಎಂದು ಅವರು ಕಲ್ಕತ್ತೆಯಲ್ಲಿದ್ದಾಗಲೇ ಪರೀಕ್ಷಿಸಿದ್ದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಮೃದಂಗ ತಬಲಗಳ ನಡುವಿನ ಕಪ್ಪು ಕರಣೆ ಚರ್ಮದ ಕಂಪನವನ್ನು ಸ್ವರಬದ್ಧಗೊಳಿಸುವ ಬಗೆಯನ್ನು ಪ್ರಕಟಿಸಿದರು. 1979ರಲ್ಲಿ ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರ ರೂಪಿಸಿದರು. ಅವರ ‘ರಾಡೆಲ್’ ಪೆಟ್ಟಿಗೆ ಇಂದು ಎಷ್ಟೋ ಸಂಗೀತ ಶಿಕ್ಷಕರ ಮನೆಯಲ್ಲಿದೆ. ಬ್ಯಾರನ್ ದಂಪತಿ ಸರ್ಕಿಟ್ಟಿನಿಂದ ಹೊರಲೋಕದ ದನಿ ತೆಗೆದರು. ನಮ್ಮವರು ಸರ್ಕಿಟ್ಟಿನಿಂದ ಷಡ್ಜ ಪಂಚಮ ತೆಗೆದರು.

ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಲ್. ಮುಂಜಾಲ್ ಕೊಳವೆಗಳಲ್ಲಿ ಸದ್ದು ಹರಿಯುವ, ಅದನ್ನು ಅಡಗಿಸುವ ವಿದ್ಯೆಯಲ್ಲಿ ಜಗತ್ತಿಗೆ ಗುರುವಾದವರು. 1987ರ ಅವರ ‘ಅಕೂಸ್ಟಿಕ್ಸ್ ಆಫ್ ಡಕ್ಟ್ಸ್ ಅಂಡ್ ಮಫ್ಲರ್ಸ್’ ಈ ಕ್ಷೇತ್ರದ ಆಕರ ಗ್ರಂಥ. ಫ್ಯಾನು ತಿರುಗಬೇಕು, ಕಿವಿ ದಣಿಯಬಾರದು ಎಂಬ ಗಗನನೌಕೆಯ ಸಮಸ್ಯೆಗೆ ಬೇಕಾದದ್ದು ಇದೇ ವಿದ್ಯೆ.

ನಮ್ಮ ನೌಕೆ ಹೇಗೆ ಮೊರೆಯಲಿ?

ಹಿಂದಿಯಲ್ಲಿ ದೂರದರ್ಶನಕ್ಕೆ ‘ಸ್ಪೇಸ್ ಸಿಟಿ ಸಿಗ್ಮಾ’ ಧಾರಾವಾಹಿ ಬಂತು, 1998ರಲ್ಲಿ ‘ಕ್ಯಾಪ್ಟನ್ ವ್ಯೋಮ್’ ಬಂತು. ಇನ್ನು ಕನ್ನಡದ ಪರದೆಯ ಮೇಲೆ ಗಗನನೌಕೆ ಏರಿಸುವವರಿಗೆ ನನ್ನದೊಂದು ಕೋರಿಕೆ. ವಿದೇಶದ ಧ್ವನಿ ಭಂಡಾರದಿಂದ ಸಿದ್ಧ ಮೊರೆತ ಕೊಂಡು ಹಚ್ಚಬೇಡಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಬೀದಿಯ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಪ್ರತಿ ಆವರ್ತಕ್ಕೆ ಎರಡು ಸಲ ಕಂಪಿಸುವುದರಿಂದ ಇಲ್ಲಿನ ಗುಂಯ್‌ಗಾರ 100 ಹರ್ಟ್ಸ್. ಅಮೆರಿಕದಲ್ಲಿ ಅದು 120. ಎರಡು ದೇಶಗಳ ಬೀದಿಗಳ ಶ್ರುತಿಯೇ ಬೇರೆ. ಯಲಹಂಕ ವಾಯುನೆಲೆಯ ಮೇಲೆ ಸುತ್ತುವ ಎಎನ್-32 ವಿಮಾನದ ಪ್ರೊಪೆಲರ್, ಅದೇ ಊರಿನ ರೈಲು ಗಾಲಿ ಕಾರ್ಖಾನೆ, ಯಶವಂತಪುರದಲ್ಲಿ ನಿಂತ ಎಂಜಿನ್ನು, ಮಂದ್ರಕ್ಕೆ ಇಳಿಸಿದ ತಂಬೂರ, ಎಲ್ಲವೂ ಧ್ವನಿಮುದ್ರಕ ಹಿಡಿದು ಹೊರಟವರ ಕೈಗೆ ಎಟುಕುವ ಸಾಮಗ್ರಿ. ಹಾಜ್ಸನ್‌ಗೆ ಸಿಕ್ಕಿದ್ದು ಇಷ್ಟೂ ಇರಲಿಲ್ಲ.

ಇಸ್ರೊಗೂ ಒಂದು ಕೋರಿಕೆ ಇದೆ. ಚಂದ್ರಯಾನದ ಚಿತ್ರಗಳನ್ನು ಅದು ಎಲ್ಲರ ಮುಂದಿಟ್ಟಿತು; ಶಾಲೆಗಳ ಗೋಡೆಗಳಲ್ಲಿ ಅವು ತೂಗುತ್ತಿವೆ. ಗಗನಯಾನದ ಕೋಣೆಯಲ್ಲಿ ಒಂದು ಒಳ್ಳೆಯ ಮೈಕ್ ಇಟ್ಟು, ಯಾರೂ ಮಾತಾಡದ ಹೊತ್ತಿನ ಸದ್ದನ್ನು ಗಂಟೆಗಟ್ಟಲೆ ಮುದ್ರಿಸಿ ಅದನ್ನೂ ಜನರಿಗೆ ಕೊಡಲಿ. ಕಣ್ಣು ಕಾಣದ ಮಕ್ಕಳಿಗೆ ಆ ನೌಕೆಯೊಳಗೆ ಕಾಲಿಡಲು ಅದಕ್ಕಿಂತ ನೇರ ದಾರಿಯಿಲ್ಲ. ನಾಳೆ ಕಥೆ ಕಟ್ಟುವವರಿಗೆ ಬೇರೆಯವರ ಸದ್ದನ್ನು ಎರವಲು ತರುವ ಅಗತ್ಯವೂ ಬೀಳುವುದಿಲ್ಲ. ನಮ್ಮ ಜನರನ್ನು ಉಸಿರಾಡಿಸಿದ ಯಂತ್ರದ ದನಿಯೇ ನಮ್ಮ ಕಥೆಗಳಿಗೆ ಶ್ರುತಿಯಾಗಬೇಕು.