ಗ್ರಹಣದ ನೆರಳು, ಮಕ್ಕಳ ಅರಿವು

ಧರ್ಮಶ್ರದ್ಧೆಯೂ ವಿಜ್ಞಾನದ ಅರಿವೂ ಒಂದೇ ಮನೆಯಲ್ಲಿ ಬಾಳಬಲ್ಲವೆಂದು ನಾವು ನಂಬಿದ್ದೇವೆ. ಗ್ರಹಣದ ದಿನ ಈ ನಂಬಿಕೆ ಒರೆಗೆ ಹತ್ತುತ್ತದೆ.

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾದಾಗ ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಇದರಿಂದ ವೈಕಲ್ಯ ನೀಗುವುದೆಂದು ಹೆತ್ತವರು ನಂಬಿದ್ದರು. ಅವರ ವಾತ್ಸಲ್ಯದಲ್ಲಿ ಕೊರತೆಯಿರಲಿಲ್ಲ. ಸರಿಯಾದ ತಿಳಿವಳಿಕೆ ಅವರ ಮನೆಯವರೆಗೆ ತಲುಪಿರಲಿಲ್ಲ.

ಚಂದ್ರನು ಸೂರ್ಯನಿಗೂ ಭೂಮಿಗೂ ನಡುವೆ ಬಂದಾಗ ಅವನ ನೆರಳು ಭೂಮಿಯ ಮೇಲೆ ಬೀಳುತ್ತದೆ, ಅದೇ ಸೂರ್ಯಗ್ರಹಣ. ಆ ನೆರಳು ರೋಗವನ್ನು ತರಲಾರದು, ಕಳೆಯಲೂ ಆರದು. ಬರಿಗಣ್ಣಿನಿಂದ ಸೂರ್ಯನನ್ನು ನೋಡದಂತೆ ಎಚ್ಚರವಹಿಸಿದರೆ ಸಾಕು. ನಮ್ಮ ಮಕ್ಕಳು ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸುತ್ತಾರೆ. ಗ್ರಹಣದ ದಿನ ಬಾಗಿಲಿಕ್ಕಿದ ಮನೆಯೊಳಗೆ ಅಂಜಿ ಕೂರುತ್ತಾರೆ. ಓದಿಗೂ ಬಾಳಿಗೂ ಇಂತಹ ಬಿರುಕಿದ್ದರೆ ವಿದ್ಯೆಯ ಫಲವೇನು?

ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧರ್ಮಬೋಧೆ ಸಲ್ಲದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. 1976ರಲ್ಲಿ ಸೇರ್ಪಡೆಯಾದ 51ಎ ವಿಧಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆನ್ನುತ್ತದೆ. ಇದರಲ್ಲಿ ಧರ್ಮದ್ವೇಷವನ್ನು ಕಾಣಬೇಕಿಲ್ಲ. ಹಲವು ಮತಗಳ ಮಕ್ಕಳು ಒಟ್ಟಿಗೆ ಕಲಿಯುವೆಡೆ ಯಾರೊಬ್ಬರ ಆಚರಣೆಯೂ ಪಾಠವಾಗದಿದ್ದರೆ ಎಲ್ಲರ ಶ್ರದ್ಧೆಗೂ ರಕ್ಷೆಯುಂಟು. ಪೂಜೆ-ಪ್ರಾರ್ಥನೆಗಳಿಗೆ ಮನೆಯಿದೆ, ಮಠವಿದೆ.

ತಿಥಿ, ವಾರ, ನಕ್ಷತ್ರಗಳ ಭಯವನ್ನು ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದರು. ಅವರನ್ನು ನೆನೆಯುವ ನಾವು ಮಗುವಿನ ಪ್ರಶ್ನೆಗೆ ಗದರದಿರೋಣ. ಉತ್ತರ ತಿಳಿಯದಿದ್ದರೆ ಮಗುವಿನೊಡನೆ ಕುಳಿತು ಅದರ ಪಠ್ಯಪುಸ್ತಕವನ್ನೇ ತೆರೆಯೋಣ. ಪ್ರಶ್ನೆಯಿಂದ ಭಕ್ತಿ ಕುಂದದು, ಭಯ ಕುಂದುತ್ತದೆ.