ಗೂಬೆ ಕೂರಿಸೋದು ಬಿಡಿ, ಗೂಬೆ ಹುಡುಕೋಣ ಬನ್ನಿ

ಈ ವಾರದ ಮಾತುಕತೆಯ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಆಫೀಸ್ ಕ್ಯಾಬ್‌ನಲ್ಲಿ ಕೂತು ಓದಿಕೊಳ್ಳಬಹುದು.

ನಮ್ಮಲ್ಲಿ "ಗೂಬೆ ಕೂರಿಸೋದು" ಅನ್ನೋ ಮಾತಿದೆ. ಶುಕ್ರವಾರ ಸಂಜೆ ಪ್ರೊಡಕ್ಷನ್ ಸರ್ವರ್ ಬಿದ್ದುಹೋದರೆ ಸಾಕು, ಯಾರ ತಲೆ ಮೇಲೆ ಗೂಬೆ ಕೂರಿಸೋದು ಅಂತ ಹುಡುಕಾಟ ಶುರುವಾಗುತ್ತೆ. ಗೂಬೆ ಅಂದ್ರೆ ದಡ್ಡ, ಗೂಬೆ ಅಂದ್ರೆ ಅಪಶಕುನ. ಆದರೆ ನಿಜವಾದ ಗೂಬೆಯನ್ನ, ಅದರ ಪಾಡಿಗೆ ಅದು ಮರದಲ್ಲಿ ಕೂತಿರುವಾಗ ನೋಡಿದವರು ನಮ್ಮಲ್ಲಿ ಎಷ್ಟು ಜನ ಇದ್ದೀವಿ?

ಪೆರುಂಗುಡಿಗೆ ಬಂದಮೇಲೆ ನನಗೆ ಹತ್ತಿದ ವಾರಾಂತ್ಯದ ಹುಚ್ಚು ಇದೇ. ಮಾಲ್‌ಗೆ ಹೋಗೋ ಬದಲು ಊರಾಚೆ ಹೋಗಿ ಗೂಬೆ ಹುಡುಕೋದು. ಖರ್ಚು ಪೆಟ್ರೋಲಿನದು ಮಾತ್ರ. ಸಿಗೋ ಖುಷಿ ಎಂಥದ್ದು, ಯಾಕೆ ಅಷ್ಟು ಖುಷಿ ಅನ್ನೋದನ್ನ ಇವತ್ತು ಹೇಳ್ತೀನಿ.

ಮೊದಲು ಹಾಲಕ್ಕಿ

ಶುರು ಮಾಡೋರಿಗೆ ಹಾಲಕ್ಕಿಯೇ ಸರಿ. ಗೊರವಂಕಕ್ಕಿಂತ ದಪ್ಪ ಅನ್ನಿಸಿದರೂ ಉದ್ದ ಸುಮಾರು 21 ಸೆಂಟಿಮೀಟರ್ ಅಷ್ಟೇ. ಕಂದು ಮೈ ಮೇಲೆ ಬಿಳಿ ಚುಕ್ಕೆ, ಹಳದಿ ಕಣ್ಣು. ಬಯಲುಸೀಮೆಯವರಿಗೆ ಇದರ ಹೆಸರು ಬುಡಬುಡಿಕೆಯವರಿಂದ ಗೊತ್ತಿರುತ್ತೆ. ಬೆಳಗಿನ ಜಾವ ಬುಡಬುಡಿಕೆ ಆಡಿಸಿಕೊಂಡು ಬಂದು, ಹಾಲಕ್ಕಿ ನುಡಿದ ಶಕುನ ಅಂತ ಭವಿಷ್ಯ ಹೇಳ್ತಿದ್ದರಲ್ಲ, ಅದೇ ಹಕ್ಕಿ. ಅದೂ ಗೂಬೆಯ ಜಾತಿಯೇ! ಗೂಬೆ ಮನೆ ಮೇಲೆ ಕೂತರೆ ಕೇಡು, ಹಾಲಕ್ಕಿ ನುಡಿದರೆ ಶುಭ. ಒಂದೇ ವಂಶದ ಹಕ್ಕಿಗಳಿಗೆ ಎರಡು ನ್ಯಾಯ ಮಾಡಿದವರು ನಾವೇ.

ಪೆರುಂಗುಡಿಯಿಂದ ಚೆಂಗಲ್ಪಟ್ಟು ದಾಟಿ ವೇಡಂತಾಂಗಲ್ ಕಡೆ ಹೊರಟರೆ ಭತ್ತದ ಗದ್ದೆ, ಕೆರೆ ಏರಿ, ಸಾಲು ತಾಳೆ ಮರ. ಹಳೇ ಮರದ ಪೊಟರೆ ಇರೋ ಕಡೆ ಹಾಲಕ್ಕಿ ಇರೋ ಸಾಧ್ಯತೆ ಜಾಸ್ತಿ. ಸೂರ್ಯ ಮುಳುಗೋಕೆ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲಿ. ಕತ್ತಲಾಗೋ ಮುಂಚೆಯೇ ಪೊಟರೆಯಿಂದ ಒಂದು ಉರುಟು ತಲೆ ಹೊರಗೆ ಬರುತ್ತೆ. ಆಮೇಲೆ ಪಕ್ಕದಲ್ಲೇ ಇನ್ನೊಂದು. ಕರೆಂಟ್ ತಂತಿ ಮೇಲೆ ಜೋಡಿಯಾಗಿ ಕೂತು ನಿಮ್ಮನ್ನೇ ದಿಟ್ಟಿಸಿ, ತಲೆಯನ್ನ ಮೇಲೆ ಕೆಳಗೆ, ಆಕಡೆ ಈಕಡೆ ಆಡಿಸ್ತವೆ. ನಗು ಬಂದೇ ಬರುತ್ತೆ.

ಆದರೆ ಅದು ಕುಣಿತ ಅಲ್ಲ, ಲೆಕ್ಕಾಚಾರ. ಗೂಬೆಯ ಕಣ್ಣು ನಮ್ಮದರ ಹಾಗೆ ಗೋಲಿಯಲ್ಲ, ಕೊಳವೆಯ ಆಕಾರದ್ದು. ಗುಳಿಯೊಳಗೆ ತಿರುಗಿಸೋಕೆ ಆಗಲ್ಲ. ಅದಕ್ಕೇ ತಲೆಯನ್ನೇ ಸರಿಸಿ, ಬೇರೆ ಬೇರೆ ಕೋನದಿಂದ ನೋಡಿ ನೀವು ಎಷ್ಟು ದೂರ ಇದ್ದೀರಿ ಅಂತ ಅಳೆಯುತ್ತೆ. ನಮ್ಮ ಕತ್ತಲ್ಲಿ 7 ಮೂಳೆ ಇದ್ದರೆ ಅದಕ್ಕೆ 14. ತಲೆಯನ್ನ ಒಂದು ಬದಿಗೆ ಸುಮಾರು 270 ಡಿಗ್ರಿ ತನಕ ತಿರುಗಿಸಬಲ್ಲದು.

ಕಿವಿಯಲ್ಲಿ ನೋಡೋ ಹಕ್ಕಿ

ನಮ್ಮಂಥ ಎಂಜಿನಿಯರುಗಳಿಗೆ ನಿಜಕ್ಕೂ ಇಷ್ಟವಾಗೋದು ಕಣಜ ಗೂಬೆ. ಹೃದಯದ ಆಕಾರದ ಬಿಳಿ ಮುಖ, ಪಾಳುಕಟ್ಟಡ, ದೇವಸ್ಥಾನದ ಗೋಪುರದಲ್ಲಿ ವಾಸ. ಆ ಮುಖ ಒಂದು ಡಿಶ್ ಆಂಟೆನಾ ಇದ್ದ ಹಾಗೆ, ಸದ್ದನ್ನ ಹಿಡಿದು ಕಿವಿಗೆ ಕಳಿಸುತ್ತೆ. ಎರಡು ಕಿವಿಗಳು ಒಂದೇ ಎತ್ತರದಲ್ಲಿಲ್ಲ. ಇಲಿ ಎಲೆ ಮೇಲೆ ಓಡಿದ ಸದ್ದು ಎರಡು ಕಿವಿಗೆ ತಲುಪೋ ಸಮಯದಲ್ಲಿ ಮೈಕ್ರೋಸೆಕೆಂಡುಗಳ ವ್ಯತ್ಯಾಸ ಇರುತ್ತಲ್ಲ, ಅದರಿಂದ ಇಲಿ ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗುತ್ತೆ. ಸದ್ದಿನ ಜೋರಿನ ವ್ಯತ್ಯಾಸದಿಂದ ಮೇಲೋ ಕೆಳಗೋ ಗೊತ್ತಾಗುತ್ತೆ. ಪೂರಾ ಕತ್ತಲೆ ಕೋಣೆಯಲ್ಲೂ ಇದು ಬರೀ ಸದ್ದು ಕೇಳಿ ಇಲಿ ಹಿಡಿಯುತ್ತೆ ಅಂತ ರೋಜರ್ ಪೇನ್ ಪ್ರಯೋಗ ಮಾಡಿ ತೋರಿಸಿದರು. 1978ರಲ್ಲಿ ಎರಿಕ್ ಕ್ನುಡ್ಸೆನ್ ಮತ್ತು ಮಸಕಾಝು ಕೊನಿಶಿ ಇದರ ಮಿದುಳಲ್ಲಿ ಸದ್ದಿನ ಜಾಗಗಳ ನಕ್ಷೆಯೇ ಇದೆ ಅಂತ ಕಂಡುಹಿಡಿದರು. ಇದನ್ನ ಓದಿದಮೇಲೆ "ಗೂಬೆ ಥರ ಕೂತಿದ್ದೀಯಲ್ಲೋ" ಅಂತ ಯಾರಾದರೂ ಬೈದರೆ ನನಗೆ ಹೊಗಳಿದ ಹಾಗೇ ಕೇಳಿಸುತ್ತೆ.

ತಮಿಳು ಗೆಳೆಯರು ಕಣಜ ಗೂಬೆಗೆ "ಕೂಗೈ" ಅಂತಾರೆ. ನಮ್ಮ ಹಳೇ ಮಾತಿನ "ಗೂಗೆ" ಅದರ ಅಕ್ಕತಂಗಿ. ಹೊಸ ಊರಲ್ಲಿ ಹೀಗೆ ಒಂದು ನಂಟು ಸಿಕ್ಕಿದರೆ ಊರು ಅಷ್ಟಷ್ಟೇ ನಮ್ಮದಾಗುತ್ತೆ.

ಮನೆ ಹತ್ತಿರದ ಕೊಂಬಿನ ಗೂಬೆ

ಪೆರುಂಗುಡಿ ಅಂದ್ರೆ ಎಲ್ಲರಿಗೂ ಪಳ್ಳಿಕರಣೈ ಜೌಗು ನೆನಪಾಗುತ್ತೆ. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗ. ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ, ಮೇಡವಾಕ್ಕಂ ಆಚೆ ನನ್ಮಂಗಲಂ ಮೀಸಲು ಅರಣ್ಯ ಇದೆ. ಕುರುಚಲು ಕಾಡು, ನಡುವೆ ಹಳೇ ಕಲ್ಲು ಕ್ವಾರಿಗಳು. ಅಲ್ಲಿನ ಬಂಡೆಗಳ ಸಂದಿ ಕೊಂಬಿನ ಗೂಬೆಯ ಮನೆ. ಅರ್ಧ ಮೀಟರ್ ಎತ್ತರದ ಹಕ್ಕಿ, ಕಿತ್ತಳೆ ಕಣ್ಣು, ತಲೆ ಮೇಲೆ ಕೊಂಬಿನ ಹಾಗೆ ಎರಡು ಗರಿ ಗುಚ್ಛ. ಅನುಮತಿ ಇಲ್ಲದೆ ಕಾಡಿನೊಳಗೆ ಕಾಲಿಡಬೇಡಿ. ಮುಸ್ಸಂಜೆಯಲ್ಲಿ ಅಂಚಿನಲ್ಲಿ ಸುಮ್ಮನೆ ನಿಂತರೂ ಅದೃಷ್ಟ ಇದ್ದರೆ "ಬು...ಬೋ" ಅನ್ನೋ ಗಂಭೀರ ಕೂಗು ಕೇಳಬಹುದು. ಒಂದು ಕಡೆ ಅಪಾರ್ಟ್‌ಮೆಂಟುಗಳ ದೀಪ, ಇನ್ನೊಂದು ಕಡೆ ಆ ಕೂಗು. ಮೈ ಜುಂ ಅನ್ನುತ್ತೆ.

ಹುಡುಕೋದು ಹೇಗೆ

ಗೂಬೆ ಹುಡುಕೋದು ಲಾಗ್ ಓದಿದ ಹಾಗೆ. ಹಕ್ಕಿ ಕಾಣಲ್ಲ, ಗುರುತು ಕಾಣುತ್ತೆ.

• ಮರದ ಬುಡದಲ್ಲಿ, ಬಂಡೆ ಮೇಲೆ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆ.
• ಕೆಳಗೆ ಬಿದ್ದಿರೋ ಬೂದು ಉಂಡೆ. ಗೂಬೆ ಬೇಟೆಯನ್ನ ನುಂಗಿ, ಅರಗದ ಕೂದಲು ಮೂಳೆಯನ್ನ ಉಂಡೆ ಮಾಡಿ ಉಗುಳುತ್ತೆ. ಬಿಡಿಸಿ ನೋಡಿದರೆ ಇಲಿಯ ದವಡೆ ಸಿಗುತ್ತೆ.
• ಹಗಲಲ್ಲಿ ಕಾಗೆ, ಕಾಜಾಣ ಒಂದೇ ಕೊಂಬೆಯ ಸುತ್ತ ಗಲಾಟೆ ಮಾಡ್ತಿದ್ದರೆ ಅಲ್ಲಿ ಗೂಬೆ ಅಡಗಿರಬಹುದು.

ಆಮೇಲೆ ಮೊಬೈಲ್ ಜೇಬಿಗೆ ಹಾಕಿ 20 ನಿಮಿಷ ಮಾತಾಡದೆ ನಿಲ್ಲಿ. ವಾರವಿಡೀ ನೋಟಿಫಿಕೇಶನ್ನಿಗೆ ತಿರುಗೋ ನಮ್ಮ ತಲೆಗೆ ಆ 20 ನಿಮಿಷವೇ ದೊಡ್ಡ ಬಹುಮಾನ. ಗೂಬೆ ಸಿಗದ ಸಂಜೆಗಳೂ ನನಗೆ ದಂಡ ಅನ್ನಿಸಿಲ್ಲ.

ಖುಷಿಯ ಜೊತೆ ಒಂದಿಷ್ಟು ಜವಾಬ್ದಾರಿ

ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟ್ ಪಕ್ಕದ ಪಾಳುಕಟ್ಟಡದಲ್ಲಿ ಕಣಜ ಗೂಬೆ ಮರಿ ಮಾಡಿತ್ತು. ರಾತ್ರಿಯೆಲ್ಲ ಗೊರಕೆ ಹೊಡೆದ ಹಾಗೆ ಮರಿಗಳ ಬುಸುಬುಸು ಸದ್ದು. ಅಪಶಕುನ, ಓಡಿಸಿ ಅಂತ ಗ್ರೂಪಿನಲ್ಲಿ ಮೆಸೇಜು. ಊರಲ್ಲಿದ್ದ ಅಮ್ಮನೂ ಫೋನಲ್ಲಿ "ಅದರ ಗೊಡವೆ ನಿಂಗ್ಯಾಕೋ, ಒಳ್ಳೇದಲ್ಲ ಕಣೋ" ಅಂದರು. "ಅಮ್ಮ, ನಮ್ಮ ಹಿತ್ತಲಲ್ಲಿ ತೆಂಗಿನಕಾಯಿ ಕೊರೀತಿದ್ದ ಇಲೀನ ಹಿಡಿಯೋದೇ ಇದು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇರ್ಲಿ ಬಿಡು" ಅಂದರು. ಅದೇ ಮಾತನ್ನ ಗ್ರೂಪಿನಲ್ಲಿ ಹಾಕಿದೆ. ಎಲ್ಲರೂ ಒಪ್ಪಲಿಲ್ಲ. ಆದರೂ ಮರಿ ಹಾರೋ ತನಕ ತಡೀತೀವಿ ಅಂದರು. ಮರಿಗಳು ಹಾರಿದವು.

ಗೂಬೆಗೆ ನಿಜವಾದ ಅಪಶಕುನ ನಾವು. ಇಲಿ ಪಾಷಾಣ ತಿಂದ ಇಲಿ ತಕ್ಷಣ ಸಾಯಲ್ಲ, ತೂರಾಡಿಕೊಂಡು ಓಡಾಡುತ್ತೆ. ಅದನ್ನ ಹಿಡಿದು ತಿಂದ ಗೂಬೆಗೂ ವಿಷ ಏರುತ್ತೆ. ದೀಪಾವಳಿ ಹೊತ್ತಿಗೆ ಮಾಟಮಂತ್ರಕ್ಕೆ ಅಂತ ಗೂಬೆ ಮಾರೋರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗೂಬೆ ಹಿಡಿಯೋದು, ಮಾರೋದು ಅಪರಾಧ. ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ನೋಡೋಕೆ ಹೋದಾಗ ಕಣ್ಣಿಗೆ ಫ್ಲ್ಯಾಶ್ ಹೊಡೀಬೇಡಿ. ಮೊಬೈಲಲ್ಲಿ ಕೂಗು ಹಾಕಿ ಕರೀಬೇಡಿ, ವೈರಿ ಬಂತು ಅಂದುಕೊಂಡು ಗೂಡು ಬಿಟ್ಟು ಬರುತ್ತೆ. ಫೋಟೋ ಹಾಕುವಾಗ ಲೊಕೇಶನ್ ತೆಗೆದುಬಿಡಿ.

ಮುಂದಿನ ಸಲ ಊರಿಗೆ ಹೋದಾಗ ಮನೆ ಹಿಂದಿನ ಹಳೇ ಮಾವಿನ ಮರದ ಪೊಟರೆ ಒಮ್ಮೆ ನೋಡಿ. ಮಕ್ಕಳಿದ್ದರೆ ಅವರನ್ನೂ ಕರಕೊಂಡು ಹೋಗಿ, ಅವರ ಕಿವಿ ನಮಗಿಂತ ಚುರುಕು. ಮುಂದಿನ ವಾರ ಸಿಗೋಣ.