ಬೇಸಿಗೆಯಲ್ಲಿ ಸಾಕುಪ್ರಾಣಿಗಳು: ಹಗ್ಗ, ಹೊರೆ ಮತ್ತು ನೀರು

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳುಂಟು ಎಂದು ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ 7ನೇ ಅಧ್ಯಾಯ ತಿಳಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಹೊಡೆಯುವುದು, ಅಂಗ ಕತ್ತರಿಸುವುದು ಹಿಂಸೆಯೆಂದು ಎಲ್ಲರಿಗೂ ಗೊತ್ತು. ಕಟ್ಟಿಹಾಕುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನನೀರು ತಪ್ಪಿಸುವುದು ಮಾತ್ರ ಮರೆವಿನಲ್ಲೇ ನಡೆದುಹೋಗುತ್ತವೆ. ಬೇಸಿಗೆಯಲ್ಲಿ ಸಾಕುಪ್ರಾಣಿಗಳ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಈ ಮೂರೇ.

ಬಂಧ: ಹೊಳಲು ಸೇರಿದಂತೆ ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ಹಳ್ಳಿಗಳಲ್ಲಿ ಹಸು, ಕುರಿ, ನಾಯಿಗಳನ್ನು ಬೆಳಗ್ಗೆ ಮರದಡಿ ಕಟ್ಟಿ ಹೊಲಕ್ಕೆ ಹೋಗುವುದು ಸಾಮಾನ್ಯ. ನೆರಳು ಸರಿಯುತ್ತದೆ, ಗೂಟ ಸರಿಯುವುದಿಲ್ಲ. ಮಧ್ಯಾಹ್ನ ಎಲ್ಲಿ ನೆರಳಿರುತ್ತದೆಂದು ನೋಡಿ ಕಟ್ಟಬೇಕು. ಶೀಟಿನ ಕೊಟ್ಟಿಗೆಯ ಮೇಲೆ ತೆಂಗಿನ ಗರಿ ಅಥವಾ ಕಬ್ಬಿನ ತರಗು ಹಾಸಿದರೆ ಒಳಗಿನ ಕಾವು ತಗ್ಗುತ್ತದೆ. ಹಳ್ಳಿಕಾರ್ ದನಗಳು ತಡೆಯುವ ಬಿಸಿಲನ್ನು ಮಿಶ್ರತಳಿಯ ಹಸುಗಳು ತಡೆಯಲಾರವು. ಅವು ಬಾಯ್ತೆರೆದು ಏದುತ್ತ ಜೊಲ್ಲು ಸುರಿಸಿದರೆ ಮೈಮೇಲೆ ನೀರು ಹಾಕಿ ಗಾಳಿಯಾಡುವಂತೆ ಮಾಡಬೇಕು. ನಿಲ್ಲಿಸಿದ ಕಾರಿನೊಳಗೆ ನಾಯಿಯನ್ನು ಬಿಟ್ಟು ಹೋಗಲೇಬಾರದು. ಹತ್ತೇ ನಿಮಿಷದಲ್ಲಿ ಒಳಗಿನ ಉಷ್ಣಾಂಶ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ.

ಅತಿಭಾರ: ಎತ್ತಿನ ಗಾಡಿಗೆ ಕಾನೂನೇ ಮಿತಿ ಹಾಕಿದೆ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಎಳೆಸಬಾರದು ಎನ್ನುತ್ತದೆ 1965ರ ಕೇಂದ್ರ ನಿಯಮ. ಇಡೀ ದಿನದ ದುಡಿಮೆ ಒಂಬತ್ತು ಗಂಟೆ ದಾಟಬಾರದು, ನಡುವೆ ವಿಶ್ರಾಂತಿಯೂ ಬೇಕು.

ಅನ್ನಪಾನನಿರೋಧ: ಹಾಲು ಕೊಡುವ ದೊಡ್ಡ ಹಸುವಿಗೆ ಬಿರುಬೇಸಿಗೆಯಲ್ಲಿ ದಿನಕ್ಕೆ 100 ಲೀಟರ್‌ವರೆಗೂ ನೀರು ಬೇಕಾಗಬಹುದು. ಹೊತ್ತಿಗೊಮ್ಮೆ ಕುಡಿಸುವುದಕ್ಕಿಂತ ಬಾನಿಯಲ್ಲಿ ಸದಾ ನೀರಿರುವುದು ಮೇಲು. ಒಣಹುಲ್ಲು ಜೀರ್ಣವಾಗುವಾಗ ಮೈಯಲ್ಲಿ ಹೆಚ್ಚು ಶಾಖ ಹುಟ್ಟುವುದರಿಂದ ಅದನ್ನು ರಾತ್ರಿ ಹೊತ್ತು ಹಾಕಬೇಕು. ಬಾನಿಯನ್ನೂ ಹಕ್ಕಿಗಳಿಗೆ ಇಟ್ಟ ಬಟ್ಟಲನ್ನೂ ದಿನವೂ ತೊಳೆದು ಹೊಸ ನೀರು ತುಂಬಬೇಕು. ನಿಂತ ನೀರಿನಲ್ಲಿ ಸೊಳ್ಳೆಯ ಮರಿಗಳಾದ ಮೇಲೆ ಚೆಲ್ಲಿದರೆ ಒಂದು ಜೀವಕ್ಕೆ ತೋರಿದ ದಯೆ ಇನ್ನೊಂದಕ್ಕೆ ಸಾವಾಗುತ್ತದೆ.

ಬಿಸಿಲ ಹೊಡೆತ: ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ಏದುವುದೇ ಅದಕ್ಕೆ ತಂಪು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಅದೂ ಕಷ್ಟ. ನಾಯಿಯ ಸಹಜ ಉಷ್ಣಾಂಶ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 104 ದಾಟಿದರೆ, ನಾಯಿ ತೂರಾಡಿದರೆ, ವಾಂತಿ ಮಾಡಿದರೆ ಅಪಾಯ. ಕೂಡಲೇ ನೆರಳಿಗೆ ತಂದು ಮೈಯೆಲ್ಲ ನಲ್ಲಿ ನೀರಿನಿಂದ ತೋಯಿಸಿ ಗಾಳಿ ಬೀಸಬೇಕು. ಒದ್ದೆ ಬಟ್ಟೆಯನ್ನು ಮೈಮೇಲೆ ಹೊದಿಸಿಡಬಾರದು, ಶಾಖ ಒಳಗೇ ಉಳಿಯುತ್ತದೆ. ಎಚ್ಚರವಿಲ್ಲದಾಗ ಬಾಯಿಗೆ ನೀರು ಹುಯ್ಯಬಾರದು. ಮನುಷ್ಯರ ಜ್ವರದ ಮಾತ್ರೆ ಕೊಡಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗಂತೂ ವಿಷ. ಮೊದಲು ತಂಪು ಮಾಡಿ, ಆಮೇಲೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ದನಕರುಗಳಿಗೆ ಸಂಚಾರಿ ಪಶುಚಿಕಿತ್ಸಾ ವಾಹನ ಕರೆಸಲು ಉಚಿತ ಸಹಾಯವಾಣಿ 1962 ಇದೆ.

ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಶ್ರಾವಕರಿಗೆ ಇದು ಹೊಸ ಮಾತಲ್ಲ. ಮಧ್ಯಾಹ್ನ ಊಟಕ್ಕೆ ಕೂರುವ ಮುನ್ನ ಗೂಟದ ಬಳಿ ನೆರಳಿದೆಯೇ, ಬಾನಿಯಲ್ಲಿ ನೀರಿದೆಯೇ ಎಂದು ಒಮ್ಮೆ ನೋಡಿಬಂದರೆ ವ್ರತವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.